ಶೇಷದ ಸುಪರ್ದಿ: ಮಂಡ್ಯ ಸೀಮೆಯ ಅಣುಖನಿಜಗಳು, ಕೋಲಾರದ ಗಣಿ ಮತ್ತು ವಿಕಿರಣಶೀಲ ಉಳಿಕೆಯ ಪ್ರಶ್ನೆ

ಕರ್ನಾಟಕದ ಕೈಗಾರಿಕಾ ಚರಿತ್ರೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಸ್ಥಾಪನೆಯ ಚರಿತ್ರೆಗಳಾಗಿವೆ. ಅಣೆಕಟ್ಟಿನ ಶಂಕುಸ್ಥಾಪನೆ, ವಿದ್ಯುದಾಗಾರದ ಉದ್ಘಾಟನೆ, ಗಣಿಯಿಂದ ಹೊರಬಂದ ಮೊದಲ ಗಟ್ಟಿ ಇವುಗಳಿಗೆ ದಿನಾಂಕವಿದೆ, ಕಲ್ಲಿನ ಫಲಕವಿದೆ, ಭಾವಚಿತ್ರವಿದೆ. ಉದ್ಯಮವೊಂದು ಬಾಗಿಲು ಮುಚ್ಚಿದ ದಿನಕ್ಕೆ ಇವಾವುವೂ ಇರುವುದಿಲ್ಲ. ಮುಚ್ಚಿದ ಮರುದಿನ ಅಲ್ಲಿ ಉಳಿದ ವಸ್ತುವಿಗೆ ಒಡೆಯರು ಯಾರು, ಅದರ ಲೆಕ್ಕದ ಪುಸ್ತಕ ಯಾರ ಬಳಿ ಇದೆ, ಅದನ್ನು ಯಾವ ದಾರಿಯಲ್ಲಿ ಎಲ್ಲಿಗೆ ಸಾಗಿಸಬೇಕು ಎಂಬ ಪ್ರಶ್ನೆಗಳು ಚರಿತ್ರೆಯ ಅಂಚಿನಲ್ಲಿಯೇ ಉಳಿದುಬಿಟ್ಟಿವೆ. ಉಳಿದ ವಸ್ತು ವಿಕಿರಣಶೀಲವಾಗಿದ್ದರೆ ಈ ಅಂಚು ಅಪಾಯದ ಅಂಚೂ ಆಗುತ್ತದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಸೀಮೆಯಿಂದ ಹೊರಟು ಕೋಲಾರದ ಚಿನ್ನದ ಗಣಿಯ ಆಳದವರೆಗೆ ಈ ಪ್ರಶ್ನೆಯನ್ನು ಹಿಂಬಾಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನಾಲ್ಕು ತಾಲ್ಲೂಕುಗಳಲ್ಲಿ ಅಣುಸ್ಥಾವರವಿಲ್ಲ. ಆದರೂ ಅಣುವಸ್ತುವಿನ ಚರಿತ್ರೆಯಲ್ಲಿ ಇವುಗಳಿಗೆ ಎರಡು ಬಗೆಯ ಸಂಬಂಧವಿದೆ. ಒಂದು ನೀರಿನದು, ಇನ್ನೊಂದು ಕಲ್ಲಿನದು.

ನೀರಿನ ಸಂಬಂಧ ಹಳೆಯದು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು 92 ಮೈಲಿಗಳ ತಂತಿಯ ಮೂಲಕ ಕೋಲಾರದ ಗಣಿಗಳನ್ನು ಮುಟ್ಟಿತು. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಗಣಿಯ ಯಂತ್ರಗಳಿಗೆ ವಿದ್ಯುತ್ತು ಸಾಲದಾಗುತ್ತಿತ್ತು. ವರ್ಷವಿಡೀ ಒಂದೇ ಪ್ರಮಾಣದ ನೀರನ್ನು ಶಿವನಸಮುದ್ರಕ್ಕೆ ಒದಗಿಸುವುದು 1911ರಲ್ಲಿ ಕನ್ನಂಬಾಡಿಯಲ್ಲಿ ಆರಂಭವಾದ ಅಣೆಕಟ್ಟೆಯ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ವಿಶ್ವೇಶ್ವರಯ್ಯನವರ ನಾಲೆಯಿಂದ ಹಸಿರಾದ ಗದ್ದೆಗಳನ್ನಷ್ಟೇ ನೆನೆಯುವ ಮಂಡ್ಯದ ಜನ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಬೆಲೆಯಲ್ಲಿ ಒಂದು ಪಾಲು ಕೋಲಾರದ ಪಾತಾಳಕ್ಕೆ ಸಂದಿತೆಂಬುದನ್ನು ನೆನೆಯುವುದು ಕಡಿಮೆ. ಚಾಂಪಿಯನ್ ರೀಫ್ ಗಣಿಯು ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಲು ಸಾಧ್ಯವಾದುದರ ಹಿಂದೆ ಈ ನೀರಿನ ಬಲವಿದೆ. ಆ ಆಳವೇ ಮುಂದೆ ಅಣುಶಕ್ತಿ ಇಲಾಖೆಯ ಗಮನವನ್ನು ಸೆಳೆಯಿತು.

ಕಲ್ಲಿನ ಸಂಬಂಧ ಇತ್ತೀಚಿನದು. ನಾಗಮಂಗಲದ ಹೆಸರಿನಲ್ಲಿಯೇ ಭೂವಿಜ್ಞಾನಿಗಳು ಗುರುತಿಸುವ ಪದರಶಿಲೆಯ ಪಟ್ಟಿಯೊಂದು ಈ ಸೀಮೆಯಲ್ಲಿದೆ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ, ಅಲ್ಲಾಪಟ್ಟಣ ಗ್ರಾಮಗಳ ಸುತ್ತ ಪೆಗ್ಮಟೈಟ್ ಎಂಬ ದಪ್ಪ ಹರಳಿನ ಶಿಲೆಯ ಎಳೆಗಳಿವೆ. ಕರಗಿದ ಶಿಲೆ ತಣಿಯುತ್ತ ಬಂದಾಗ ಸಾಮಾನ್ಯ ಖನಿಜಗಳಲ್ಲಿ ಸೇರಿಕೊಳ್ಳಲಾರದ ಧಾತುಗಳು ಕೊನೆಯ ದ್ರವದಲ್ಲಿ ಕೂಡಿ ಇಂಥ ಎಳೆಗಳಲ್ಲಿ ಗಟ್ಟಿಯಾಗುತ್ತವೆ. ಲಿಥಿಯಂ, ಬೆರಿಲಿಯಂ, ನಿಯೋಬಿಯಂ, ಟ್ಯಾಂಟಲಂ ಹೀಗೆ ಕೂಡಿದವು. ಅವುಗಳ ಜೊತೆಯಲ್ಲಿ ಯುರೇನಿಯಂ, ಥೋರಿಯಂಗಳ ಅಲ್ಪಾಂಶವೂ ಇರುವುದು ಸಾಮಾನ್ಯ. ಕಪ್ಪು ಹೊಳಪಿನ ಕೊಲಂಬೈಟ್-ಟ್ಯಾಂಟಲೈಟ್ ಅದಿರು ವಿಕಿರಣ ಮಾಪಕದ ಮುಳ್ಳನ್ನು ತುಸು ಅಲುಗಿಸುವುದು ಇದರಿಂದಲೇ.

ಇಲ್ಲಿ ಶ್ರೀರಂಗಪಟ್ಟಣದ ಒಂದು ಹಳೆಯ ಉದಾಹರಣೆಯನ್ನು ನೋಡಬಹುದು. 1799ರ ಮೇ 4ರಂದು ಕೋಟೆ ಬಿದ್ದಾಗ ಟಿಪ್ಪುವಿನ ಶಸ್ತ್ರಾಗಾರಗಳೆಲ್ಲ ಒಂದೇ ದಿನದಲ್ಲಿ ಮುಚ್ಚಿದ ಉದ್ಯಮಗಳಾದವು. ಗೆದ್ದವರು ಫಿರಂಗಿ, ಬಂದೂಕು, ಮದ್ದುಗಳ ಪಟ್ಟಿ ಮಾಡಿದರು. ಕೆಲವು ರಾಕೆಟ್ಟುಗಳು ಇಂಗ್ಲೆಂಡಿನ ವುಲ್ವಿಚ್‌ಗೆ ಹೋದವು. ಸುಪರ್ದಿ ಬದಲಾದರೂ ಪಟ್ಟಿ ಇತ್ತು ಎಂಬುದು ಮುಖ್ಯ. ಊರಿನಲ್ಲಿ ಉಳಿದ ಮದ್ದಿನ ಮನೆಗಳು ಅರ್ಧ ನೆಲದೊಳಗೆ ಹುದುಗಿದ ಇಟ್ಟಿಗೆ-ಗಾರೆಯ ಕಟ್ಟಡಗಳು. ಅವುಗಳಲ್ಲೊಂದು ಬೆಂಗಳೂರು-ಮೈಸೂರು ಜೋಡಿಮಾರ್ಗಕ್ಕೆ ಅಡ್ಡ ಬಂದುದರಿಂದ 2017ರಲ್ಲಿ ಅದನ್ನು ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಲಾಯಿತು. ಇನ್ನೂರು ವರ್ಷ ಕಳೆದರೂ ಒಳಗೆ ಏನಿತ್ತೆಂಬುದು ಎಲ್ಲರಿಗೂ ತಿಳಿದಿದ್ದ ಕಟ್ಟಡವದು. ಮದ್ದು ಒದ್ದೆಯಾದರೆ ಸಾಯುತ್ತದೆ. ವಿಕಿರಣಶೀಲ ಧಾತುವಿಗೆ ಅಂಥ ಸಾವಿಲ್ಲ. ಅದು ತನ್ನ ಅರ್ಧಾಯುಷ್ಯದ ಲೆಕ್ಕದಲ್ಲಿ ಮಾತ್ರ ಕರಗುತ್ತದೆ: ಕೋಬಾಲ್ಟ್-60ಕ್ಕೆ ಸುಮಾರು 5.27 ವರ್ಷ, ಸೀಸಿಯಂ-137ಕ್ಕೆ ಸುಮಾರು 30 ವರ್ಷ, ಪ್ಲುಟೋನಿಯಂ-239ಕ್ಕೆ ಸುಮಾರು 24,100 ವರ್ಷ.

ಥೋರಿಯಂ ನೈಟ್ರೇಟಿನ ಪ್ರಯಾಣ

ಬಳಕೆ ನಿಂತ ವಿಕಿರಣಶೀಲ ರಾಸಾಯನಿಕವೆಂದರೆ ಏನೆಂಬುದಕ್ಕೆ ಥೋರಿಯಂ ನೈಟ್ರೇಟ್ ಅತ್ಯುತ್ತಮ ನಿದರ್ಶನ. ಇದು ಪ್ರಯೋಗಾಲಯದ ಗುಟ್ಟಿನ ವಸ್ತುವಲ್ಲ. ಜಾತ್ರೆ, ನಾಟಕ, ಮದುವೆಯ ದಿಬ್ಬಣಗಳಲ್ಲಿ ಬೆಳಗುತ್ತಿದ್ದ ಗ್ಯಾಸ್‌ಲೈಟಿನ ಮ್ಯಾಂಟಲನ್ನು ಈ ಲವಣದ ದ್ರಾವಣದಲ್ಲಿ ಅದ್ದಿಯೇ ತಯಾರಿಸುತ್ತಿದ್ದರು. ಮೊದಲ ಸಲ ಹೊತ್ತಿಸಿದಾಗ ಬಟ್ಟೆ ಸುಟ್ಟುಹೋಗಿ ಥೋರಿಯಂ ಆಕ್ಸೈಡಿನ ಬಿಳಿಯ ಜಾಲ ಉಳಿಯುತ್ತಿತ್ತು, ಬೆಳಕು ಕೊಡುತ್ತಿದ್ದುದು ಆ ಜಾಲ. ಮಂಡ್ಯ ಸೀಮೆಯ ಹಳ್ಳಿಗಳಿಗೆ ವಿದ್ಯುತ್ತು ಬರುವ ಮುಂಚೆ ಬಯಲಾಟದ ರಾತ್ರಿಗಳು ಕಂಡ ಬೆಳಕು ಬಹುಪಾಲು ಥೋರಿಯಂನದೇ.

ಕೇರಳ ಕರಾವಳಿಯ ಮೊನಜೈಟ್ ಮರಳು ಈ ಥೋರಿಯಂನ ಮೂಲ. ಸ್ವಾತಂತ್ರ್ಯ ಬರುವ ಹೊತ್ತಿಗೇ ಮೊನಜೈಟಿನ ರಫ್ತಿನ ಮೇಲೆ ನಿರ್ಬಂಧ ಬಿದ್ದಿತ್ತು. 1948ರಲ್ಲಿ ಅಣುಶಕ್ತಿ ಕಾಯ್ದೆ ಬಂದಿತು. 1952ರಲ್ಲಿ ಆಲುವಾದಲ್ಲಿ ಮೊನಜೈಟ್ ಸಂಸ್ಕರಣೆಯ ಕಾರ್ಖಾನೆ ಕೆಲಸ ಆರಂಭಿಸಿತು, 1955ರಲ್ಲಿ ಟ್ರಾಂಬೆಯಲ್ಲಿ ಥೋರಿಯಂ ಸ್ಥಾವರ ಬಂದಿತು. 1953ರಲ್ಲಿ ಭಾರತದಿಂದ ಚೀನಾಕ್ಕೆ ಹೋದ ಥೋರಿಯಂ ನೈಟ್ರೇಟಿನ ಸರಕೊಂದು ಅಮೆರಿಕದ ಬ್ಯಾಟಲ್ ಕಾಯ್ದೆಯನ್ನು ಕೆಣಕಿ ಎರಡು ದೇಶಗಳ ನಡುವೆ ರಾಜತಾಂತ್ರಿಕ ಬಿಕ್ಕಟ್ಟನ್ನೇ ತಂದಿತು. ಗ್ಯಾಸ್‌ಲೈಟಿನ ಸರಕು ಆಯಕಟ್ಟಿನ ಸರಕಾದ ಕಾಲವದು.

ಅಮೆರಿಕವೂ ಆ ದಶಕಗಳಲ್ಲಿ ಥೋರಿಯಂ ನೈಟ್ರೇಟನ್ನು ರಾಷ್ಟ್ರೀಯ ರಕ್ಷಣಾ ದಾಸ್ತಾನಿಗಾಗಿ ಶೇಖರಿಸಿತು. ಥೋರಿಯಂ ಇಂಧನದ ಯುಗ ಬರುವುದೆಂಬ ನಿರೀಕ್ಷೆ ಫಲಿಸಲಿಲ್ಲ. ಮೇರಿಲ್ಯಾಂಡಿನ ಕರ್ಟಿಸ್ ಬೇ, ಇಂಡಿಯಾನಾದ ಹ್ಯಾಮಂಡ್ ಉಗ್ರಾಣಗಳಲ್ಲಿ ಸುಮಾರು 3,200 ಟನ್ ಲವಣ 21,000ಕ್ಕೂ ಹೆಚ್ಚು ಪೀಪಾಯಿಗಳಲ್ಲಿ ಕೂತೇ ಇತ್ತು. ಕೊಳ್ಳುವವರಿಲ್ಲದೆ ಅದನ್ನು ಹೆಚ್ಚುವರಿ ಎಂದು ಘೋಷಿಸಿ 2004-05ರಲ್ಲಿ ನೆವಾಡಾದ ಪರೀಕ್ಷಾಕ್ಷೇತ್ರಕ್ಕೆ ಸಾಗಿಸಿ ಹೂಳಲಾಯಿತು. ಇಲ್ಲಿ ತೊಡಕು ವಿಕಿರಣದ್ದು ಮಾತ್ರವಾಗಿರಲಿಲ್ಲ. ನೈಟ್ರೇಟ್ ಲವಣವು ಬೆಂಕಿಗೆ ಪುಷ್ಟಿ ಕೊಡುವ ವಸ್ತು, ತೇವವನ್ನು ಹೀರಿಕೊಂಡು ಪೀಪಾಯಿಯನ್ನು ತಿನ್ನುವಂಥದು. ಒಂದೇ ಸರಕು ರಾಸಾಯನಿಕವಾಗಿ ಒಂದು ನಿಯಮಕ್ಕೆ, ವಿಕಿರಣಶೀಲವಾಗಿ ಮತ್ತೊಂದು ನಿಯಮಕ್ಕೆ ಒಳಪಟ್ಟಿತು. ಆದರೂ ಕೆಲಸ ನಡೆದುದು ಪೀಪಾಯಿಗಳ ಲೆಕ್ಕ ಇದ್ದುದರಿಂದ.

ಸಾಗಣೆಯ ನಿಯಮಗಳ ತಿರುಳನ್ನೂ ಇಲ್ಲಿಯೇ ಹೇಳುವುದು ಯುಕ್ತ. ವಿಕಿರಣಶೀಲ ವಸ್ತುವಿನ ಸಾಗಣೆಯಲ್ಲಿ ಸುರಕ್ಷೆಯ ಹೊಣೆಯನ್ನು ವಾಹನದ ಮೇಲಾಗಲಿ ಚಾಲಕನ ಮೇಲಾಗಲಿ ಹೊರಿಸುವುದಿಲ್ಲ, ವಸ್ತುವನ್ನು ತುಂಬಿದ ಪೆಟ್ಟಿಗೆಯ ಮೇಲೆಯೇ ಹೊರಿಸಲಾಗುತ್ತದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನಿಯಮಾವಳಿಯನ್ನು ಅನುಸರಿಸಿ ಭಾರತದ ಅಣುಶಕ್ತಿ ನಿಯಂತ್ರಣ ಮಂಡಳಿಯು ಸಾಗಣೆಯ ಸಂಹಿತೆಯನ್ನು 1986ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು. ತೀವ್ರ ವಿಕಿರಣದ ಸರಕಿಗೆ ಬಳಸುವ ‘ಬಿ’ ವರ್ಗದ ಪೆಟ್ಟಿಗೆ 9 ಮೀಟರ್ ಎತ್ತರದಿಂದ ಬಗ್ಗದ ನೆಲದ ಮೇಲೆ ಬೀಳಬೇಕು, 1 ಮೀಟರಿನಿಂದ ಉಕ್ಕಿನ ಗೂಟದ ಮೇಲೆ ಬೀಳಬೇಕು, 800 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಅರ್ಧ ಗಂಟೆ ಇರಬೇಕು, ನೀರಿನಲ್ಲಿ ಮುಳುಗಬೇಕು. ಇಷ್ಟಾದ ಮೇಲೂ ಒಳಗಿನದು ಹೊರಬರಬಾರದು. ಕೈಗಾದಂಥ ಸ್ಥಾವರಗಳಿಂದ ಬಳಸಿದ ಇಂಧನ ಹೊರಡುವುದಾದರೆ ಮೊದಲು ವರ್ಷಗಟ್ಟಲೆ ನೀರಿನ ಕೊಳದಲ್ಲಿ ತಣಿದು ಆಮೇಲೆ ಇಂಥ ಪೆಟ್ಟಿಗೆಯನ್ನು ಸೇರಬೇಕು.

ಪುಸ್ತಕದಲ್ಲಿರುವ ಸರಕಿಗೆ ಈ ಏರ್ಪಾಡು ಗಟ್ಟಿಯಾಗಿದೆ ಎನ್ನಬಹುದು. ಅದು ಸೋತುದು ಪುಸ್ತಕದಿಂದ ಜಾರಿದ ಸರಕಿನ ವಿಷಯದಲ್ಲಿ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಪೇಟೆಯಲ್ಲಿ ನಡೆದುದು ಇದೇ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿದ್ದ, 1980ರ ದಶಕದ ನಡುಭಾಗದಿಂದ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ವಿಕಿರಣ ಯಂತ್ರವೊಂದು ಹಳೆಯ ಸಾಮಾನುಗಳೊಡನೆ ಹರಾಜಾಯಿತು. ಕೊಂಡವರು ಅದನ್ನು ಬಿಚ್ಚಿದರು. ಒಳಗಿದ್ದ ಕೋಬಾಲ್ಟ್-60 ಕಡ್ಡಿಗಳು ಬಯಲಾದವು. ಒಬ್ಬ ಕಾರ್ಮಿಕ ಸತ್ತ, ಹಲವರು ತೀವ್ರವಾಗಿ ಬಳಲಿದರು. ನಿಯಮವಿಲ್ಲದೆ ಹೀಗಾಗಲಿಲ್ಲ. 1987ರ ತ್ಯಾಜ್ಯ ವಿಲೇವಾರಿ ನಿಯಮಗಳೂ 2004ರ ವಿಕಿರಣ ರಕ್ಷಣಾ ನಿಯಮಗಳೂ ಅಷ್ಟರಲ್ಲಿ ಜಾರಿಯಲ್ಲಿದ್ದವು. ಯಂತ್ರ ತಂದವರು ನಿವೃತ್ತರಾಗಿ, ಅದೇನೆಂದು ಬಲ್ಲವರು ಇಲ್ಲದಾಗಿ, ಅದು ಬರಿಯ ಕಬ್ಬಿಣವೆಂದು ಪಟ್ಟಿಯಲ್ಲಿ ಸೇರಿದುದೇ ಕಾರಣ.

ಕೋಲಾರ: ಮುಚ್ಚಿದ ಗಣಿ, ತೆರೆದ ಶಂಕೆ

ಕೋಲಾರದ ಚಿನ್ನದ ಗಣಿಗಳ ಆಧುನಿಕ ಚರಿತ್ರೆ 1880ರಲ್ಲಿ ಜಾನ್ ಟೇಲರ್ ಕಂಪನಿಯೊಂದಿಗೆ ತೊಡಗಿ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಬಾಗಿಲು ಹಾಕುವವರೆಗೆ ನಡೆಯಿತು. ಈ ಗಣಿಗಳು ವಿಜ್ಞಾನಕ್ಕೂ ಒದಗಿದವು. ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆಯೇ ವಿಶ್ವಕಿರಣಗಳಿಗೆ ತಡೆಯಾಗುವುದರಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಇಲ್ಲಿ ಪ್ರಯೋಗಾಲಯ ನಡೆಸಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು 1965ರಲ್ಲಿ ಇಲ್ಲಿ ದೊರಕಿತು. ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳೂ ಆ ತಂಡದಲ್ಲಿದ್ದರು.

ಅಷ್ಟಾಗಿ ಪ್ರಚಾರ ಪಡೆಯದ ಇನ್ನೊಂದು ಪ್ರಯೋಗ ಪ್ರಸ್ತುತ ವಿಷಯಕ್ಕೆ ನೇರವಾಗಿ ಸೇರಿದ್ದು. ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಗಣಿಯ ಬಳಕೆಯಿಲ್ಲದ ಭಾಗದಲ್ಲಿ ಸುಮಾರು 1,000 ಮೀಟರ್ ಆಳದಲ್ಲಿ ಒಂದು ಕೋಣೆಯನ್ನು ಸಿದ್ಧಪಡಿಸಿ ಬಂಡೆಯೊಳಗೆ ವಿದ್ಯುತ್ ಕಾಯಿಸುಗಗಳನ್ನು ಇಳಿಸಿದರು. ಗಾಜಿನಲ್ಲಿ ಬೆರೆಸಿ ಗಟ್ಟಿಮಾಡಿದ ಉಗ್ರ ಮಟ್ಟದ ತ್ಯಾಜ್ಯವನ್ನು ಮುಂದೊಂದು ದಿನ ಆಳದ ಬಂಡೆಯಲ್ಲಿ ಇಟ್ಟರೆ ಅದರ ಶಾಖಕ್ಕೆ ಬಂಡೆ ಹೇಗೆ ವರ್ತಿಸುವುದು, ಎಷ್ಟು ಹಿಗ್ಗುವುದು, ಎಲ್ಲಿ ಬಿರಿಯುವುದು ಎಂಬುದನ್ನು ಸುಮಾರು ಎಂಟು ವರ್ಷ ಅಳೆದರು. ಅಲ್ಲಿ ತ್ಯಾಜ್ಯವನ್ನು ಇಡಲಿಲ್ಲ, ತ್ಯಾಜ್ಯದ ಶಾಖವನ್ನು ಮಾತ್ರ ಅನುಕರಿಸಲಾಯಿತು. ಆದರೆ ಈ ವ್ಯತ್ಯಾಸ ಗಣಿಯ ಊರಿನ ಜನರಿಗೆ ತಿಳಿಯುವಂತೆ ಅವರ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲಿ, ತೆಲುಗಿನಲ್ಲಿ, ಬಹುಪಾಲು ಗಣಿಕಾರ್ಮಿಕರ ಮನೆಮಾತಾದ ತಮಿಳಿನಲ್ಲಿ ಹೇಳಬೇಕಾದಷ್ಟು ಹೇಳಿದಂತೆ ಕಾಣುವುದಿಲ್ಲ. ಆ ಮೌನದ ಬೆಲೆ 2012ರಲ್ಲಿ ತೆರಬೇಕಾಯಿತು.

ಆ ವರ್ಷ ಸರ್ವೋಚ್ಚ ನ್ಯಾಯಾಲಯದಲ್ಲಿ ಕೂಡಂಕುಳಂ ಸ್ಥಾವರದ ಮೊಕದ್ದಮೆ ನಡೆಯುತ್ತಿತ್ತು. ಬಳಸಿದ ಇಂಧನವನ್ನು ಕೊನೆಗೆ ಎಲ್ಲಿಡುವಿರಿ ಎಂಬ ಪ್ರಶ್ನೆಯ ಸಂದರ್ಭದಲ್ಲಿ ಕೇಂದ್ರದ ಕಡೆಯಿಂದ ಕೋಲಾರದ ಗಣಿಯ ಹೆಸರು ಬಂದಿತು. ನವೆಂಬರ್ ತಿಂಗಳಲ್ಲಿ ಸುದ್ದಿ ಹಬ್ಬುತ್ತಿದ್ದಂತೆ ಕೆ.ಜಿ.ಎಫ್. ಮತ್ತು ಕೋಲಾರದಲ್ಲಿ ಜನ ಬೀದಿಗಿಳಿದರು, ರಾಜ್ಯ ಸರ್ಕಾರವೂ ವಿರೋಧಿಸಿತು. ಕೆಲವೇ ದಿನಗಳಲ್ಲಿ ಅಲ್ಲಿ ತ್ಯಾಜ್ಯ ಹೂಳುವ ಯೋಜನೆಯೇ ಇಲ್ಲವೆಂಬ ಸ್ಪಷ್ಟೀಕರಣ ಹೊರಬಿತ್ತು. ಪ್ರಯೋಗ ನಡೆದ ಜಾಗವನ್ನು ವಿಲೇವಾರಿಯ ಜಾಗವೆಂಬಂತೆ ಹೇಳಿದ್ದರಿಂದ ಹುಟ್ಟಿದ ಗೊಂದಲ ಇದೆಂದು ಓದುವುದೇ ಸರಿ. ಗಣಿ ಮುಚ್ಚಿ ಹನ್ನೊಂದು ವರ್ಷವಾಗಿತ್ತು. ಕೆಲಸ ಕಳೆದುಕೊಂಡ ಮನೆಗಳ ಮಕ್ಕಳು ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದ ಊರದು. ಚಿನ್ನವಿದ್ದಾಗ ನೆಲ ದೇಶದ್ದು, ಚಿನ್ನ ತೀರಿದ ಮೇಲೆ ಕಸ ನಮ್ಮದೇ ಎಂಬ ಸಿಟ್ಟು ಅಲ್ಲಿ ಕಾರಣವಿಲ್ಲದೆ ಹುಟ್ಟಿದ್ದಲ್ಲ.

ಭೂವಿಜ್ಞಾನದ ದೃಷ್ಟಿಯಿಂದಲೂ ಆ ಗಣಿ ಶಾಶ್ವತ ಉಗ್ರಾಣವಾಗಲು ತಕ್ಕುದಲ್ಲ. ಶತಮಾನಕ್ಕೂ ಮಿಕ್ಕಿ ಕೊರೆದ ಸುರಂಗಗಳ ಜಾಲ, ಶಿಲಾಸ್ಫೋಟಗಳಿಂದ ನಲುಗಿದ ಬಂಡೆ, ನೀರೆತ್ತುವ ಯಂತ್ರಗಳು ನಿಂತ ಮೇಲೆ ತುಂಬಿಕೊಂಡ ಅಂತರ್ಜಲ, ಇವೆಲ್ಲ ಅದಕ್ಕೆ ವಿರುದ್ಧ. ತ್ಯಾಜ್ಯದ ಆಳದ ಉಗ್ರಾಣಕ್ಕೆ ಬೇಕಾದುದು ಮನುಷ್ಯ ಕೈಯಿಡದ, ನೀರು ನುಗ್ಗದ ಬಂಡೆ. ಗಣಿಯೆಂದರೆ ಮನುಷ್ಯ ಕೈಯಿಟ್ಟ ಬಂಡೆಯೇ.

2013ರ ಮೇ 6ರಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ದೀಪಕ್ ಮಿಶ್ರಾ ಅವರ ಪೀಠವು ಕೂಡಂಕುಳಂ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಸ್ಥಾವರಕ್ಕೆ ಅನುಮತಿ ನೀಡಿದರೂ ಆಳದ ಭೂಗರ್ಭ ಉಗ್ರಾಣವನ್ನು ಆದಷ್ಟು ಬೇಗ ಸ್ಥಾಪಿಸಬೇಕೆಂದು ಅದು ಸೂಚಿಸಿತು. ಬಳಸಿದ ಇಂಧನವನ್ನು ಮರುಸಂಸ್ಕರಿಸುವುದರಿಂದ ಕೊನೆಗೆ ಉಳಿಯುವ ಉಗ್ರ ತ್ಯಾಜ್ಯ ಅತ್ಯಲ್ಪ, ಅದನ್ನು ಗಾಜಾಗಿಸಿ ಉಕ್ಕಿನ ಡಬ್ಬಿಗಳಲ್ಲಿ ತಾರಾಪುರದಂಥ ಕಡೆಗಳಲ್ಲಿ ಗಾಳಿಯಿಂದ ತಣಿಸುತ್ತ ಇಡಬಹುದು, ಆಳದ ಉಗ್ರಾಣಕ್ಕೆ ಅವಸರವಿಲ್ಲ ಎಂಬುದು ಇಲಾಖೆಯ ನಿಲುವು. ಇದರಲ್ಲಿ ಹುರುಳಿದೆ. ಆದರೆ ಮುಚ್ಚುವ ಸ್ಥಾವರಗಳ ಸಂಖ್ಯೆ ಬೆಳೆಯುತ್ತಿರುವುದೂ ನಿಜ. ಟ್ರಾಂಬೆಯ ಸೈರಸ್ ರಿಯಾಕ್ಟರು 2010ರ ಡಿಸೆಂಬರ್ 31ರಂದು ನಿಂತಿತು. ರಾಜಸ್ಥಾನದ ಮೊದಲ ಘಟಕ 2004ರಿಂದ ವಿದ್ಯುತ್ತು ಕೊಟ್ಟಿಲ್ಲ. ಅಂಥಲ್ಲಿ ಉಳಿಯುವುದು ಇಂಧನ ಮಾತ್ರವಲ್ಲ. ಕೊಳವೆ, ರಾಳ, ಶೋಧಕ, ಭಾರಜಲ, ಪ್ರಯೋಗಾಲಯದ ಸೀಸೆಗಳಲ್ಲಿನ ದ್ರಾವಣ ಇವುಗಳೂ ಉಳಿಯುತ್ತವೆ. ಚಾಲನೆಯಲ್ಲಿರುವ ಸ್ಥಾವರದಲ್ಲಿಯೇ ಸಣ್ಣ ಪ್ರಮಾಣದ ದ್ರವವೊಂದು ಕೈತಪ್ಪಬಹುದೆಂಬುದನ್ನು 2009ರ ನವೆಂಬರ್‌ನಲ್ಲಿ ಕೈಗಾ ತೋರಿಸಿತು. ಅಲ್ಲಿ ಕುಡಿಯುವ ನೀರಿನ ಶೈತ್ಯಕಕ್ಕೆ ಟ್ರಿಟಿಯಂ ಬೆರೆತು ಐವತ್ತಕ್ಕೂ ಹೆಚ್ಚು ಕಾರ್ಮಿಕರ ದೇಹದಲ್ಲಿ ಅದು ಪತ್ತೆಯಾಗಿತ್ತು. ಮುಚ್ಚಿದ ಸ್ಥಾವರದಲ್ಲಿ ಕಾವಲಿನ ಕಣ್ಣುಗಳು ಇನ್ನೂ ಕಡಿಮೆ.

ಕೋಲಾರದ ನಿಜವಾದ ಶೇಷ ನೆಲದ ಮೇಲೆಯೇ ಇದೆ. ಚಿನ್ನ ಬಿಡಿಸಲು ಸಯನೈಡ್ ಬಳಸಿ ಉಳಿದ ಪುಡಿಯ ದಿಬ್ಬಗಳವು. ವಿಕಿರಣದ ಹೆಸರು ಕೇಳಿ ಎದ್ದ ಊರು ಆ ದಿಬ್ಬಗಳ ಧೂಳನ್ನು ದಶಕಗಳಿಂದ ಉಸಿರಾಡುತ್ತ ಬಂದಿದೆ. ಸುಮಾರು 3.3 ಕೋಟಿ ಟನ್ ತೂಕದ 13 ದಿಬ್ಬಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ಪಟ್ಟಿಯಿಂದ ಹೊರಬಂದ ಖನಿಜಗಳು

ಈ ಹಿನ್ನೆಲೆಯಲ್ಲಿ ಮಂಡ್ಯ ಸೀಮೆಯ ಕಲ್ಲಿನ ಕಥೆಗೆ ಹೊಸ ಅರ್ಥ ಬರುತ್ತದೆ. ಲಿಥಿಯಂ ವಿಕಿರಣಶೀಲವಲ್ಲ. ಆದರೆ ಲಿಥಿಯಂ-6 ನ್ಯೂಟ್ರಾನನ್ನು ಹೀರಿದಾಗ ಟ್ರಿಟಿಯಂ ಹುಟ್ಟುತ್ತದೆ. ಬೆರಿಲಿಯಂ, ನಿಯೋಬಿಯಂಗಳಿಗೂ ರಿಯಾಕ್ಟರಿನಲ್ಲಿ ಉಪಯೋಗವಿದೆ. ಆದುದರಿಂದ ಇವೆಲ್ಲ ಗಣಿ ಕಾಯ್ದೆಯ ಪರಿಶಿಷ್ಟದಲ್ಲಿ ಅಣುಖನಿಜಗಳೆಂಬ ಗುಂಪಿನಲ್ಲಿದ್ದವು, ಇವುಗಳ ಅನ್ವೇಷಣೆ ಅಣುಖನಿಜ ನಿರ್ದೇಶನಾಲಯದ ಕೈಯಲ್ಲಿತ್ತು.

2020ರ ಆರಂಭದಲ್ಲಿ ಮಂಡ್ಯದ ಬಳಿ 14,100 ಟನ್ ಲಿಥಿಯಂ ಇರಬಹುದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಮುನಿಚಂದ್ರಯ್ಯ ಅವರು ತಿಳಿಸಿದ ಅಂದಾಜು ಪತ್ರಿಕೆಗಳಲ್ಲಿ ಬಂದಾಗ ಜಿಲ್ಲೆಯಲ್ಲಿ ಹರ್ಷವೂ ಆತಂಕವೂ ಒಟ್ಟಿಗೆ ಎದ್ದವು. 2021ರ ಫೆಬ್ರವರಿಯಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಮಾಹಿತಿಯಲ್ಲಿ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದ ನಿಕ್ಷೇಪ 1,600 ಟನ್, ಅದೂ ಊಹಿತ ವರ್ಗದ್ದು. ಎರಡು ಅಂಕಿಗಳ ನಡುವಿನ ಅಂತರ ವಿಜ್ಞಾನದಲ್ಲಿ ಅಸಹಜವಲ್ಲ. ಮೇಲ್ಮೈಯ ಅಂದಾಜಿಗೂ ಕೊರೆದು ನೋಡಿದ ಅಂದಾಜಿಗೂ ಇರುವ ಅಂತರವದು. ಆದರೆ ಕಬ್ಬು-ಭತ್ತದ ನೆಲದ ರೈತನಿಗೆ ಈ ವಿವರಣೆ ತಲುಪಿದ ಬಗೆ ಕೋಲಾರದ ಬಗೆಗಿಂತ ಹೆಚ್ಚು ಉತ್ತಮವಾಗಿರಲಿಲ್ಲ.

2023ರ ತಿದ್ದುಪಡಿಯಿಂದ ಲಿಥಿಯಂ, ಬೆರಿಲಿಯಂ, ನಿಯೋಬಿಯಂ, ಟ್ಯಾಂಟಲಂ, ಟೈಟಾನಿಯಂ, ಜಿರ್ಕೋನಿಯಂಗಳ ಖನಿಜಗಳು ಅಣುಖನಿಜಗಳ ಪಟ್ಟಿಯಿಂದ ಹೊರಬಂದವು. ಹರಾಜಿನಲ್ಲಿ ಖಾಸಗಿಯವರೂ ಪಾಲ್ಗೊಳ್ಳಲು ದಾರಿಯಾಯಿತು. ಆರ್ಥಿಕವಾಗಿ ಈ ಕ್ರಮವನ್ನು ಸಮರ್ಥಿಸಬಹುದು. ಚರಿತ್ರಕಾರನ ಕಣ್ಣಿಗೆ ಬೀಳುವುದು ಇದರಿಂದಾದ ಸುಪರ್ದಿಯ ಬದಲಾವಣೆ. ಪಟ್ಟಿಯಿಂದ ಹೆಸರು ಹೋಯಿತೆಂದು ಅದಿರಿನೊಳಗಿನ ಯುರೇನಿಯಂ, ಥೋರಿಯಂಗಳ ಅಲ್ಪಾಂಶ ಹೋಗುವುದಿಲ್ಲ. ಅದಿರನ್ನು ಪುಡಿಮಾಡಿ ಬೇಕಾದುದನ್ನು ಬಿಡಿಸಿಕೊಂಡಾಗ ಬೇಡವಾದ ಅಂಶ ಉಳಿಕೆಯಲ್ಲಿ ಸಾಂದ್ರವಾಗುತ್ತದೆ. ಪ್ರಮಾಣ ಕಡಿಮೆ, ಹೆದರಬೇಕಾದಷ್ಟಿಲ್ಲ. ಆದರೆ ಕಡಿಮೆ ಎಂದು ಹೇಳಲು ಅಳೆದ ದಾಖಲೆ ಇರಬೇಕು. ನಿರ್ದೇಶನಾಲಯದ ಕೊರೆತದ ಕಡತಗಳು, ಮಾದರಿಗಳ ವಿಶ್ಲೇಷಣೆ, ಬಗೆದ ಗುಂಡಿಗಳ ನಕ್ಷೆ ಇವು ಮುಂದೆ ಬರುವ ಗುತ್ತಿಗೆದಾರನಿಗಷ್ಟೇ ಅಲ್ಲದೆ ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಗೂ ಅಲ್ಲಾಪಟ್ಟಣದ ಪಂಚಾಯಿತಿಗೂ ಕನ್ನಡದಲ್ಲಿ ಸಿಗುವಂತಾದರೆ, ಗಣಿ ತೆರೆಯುವ ಮೊದಲೇ ಆ ನೆಲದ ಸಹಜ ವಿಕಿರಣದ ಮಟ್ಟವೆಷ್ಟೆಂಬುದು ಬರಹದಲ್ಲಿ ನಿಲ್ಲುತ್ತದೆ. ಆ ಎಳೆಗಳ ಕೆಳಗಡೆ ಇರುವುದು ಕಾವೇರಿ ಬಯಲು, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟು. ಕೋಲಾರದಲ್ಲಿ ಅಂಥ ಮೊದಲ ಅಳತೆಯನ್ನು 1880ರಲ್ಲಿ ಯಾರೂ ಮಾಡುವಂತಿರಲಿಲ್ಲ, ಅಳೆಯುವ ವಿದ್ಯೆಯೇ ಆಗ ಹುಟ್ಟಿರಲಿಲ್ಲ. ಬೆಕೆರೆಲ್ ಯುರೇನಿಯಂನ ಕಿರಣಗಳನ್ನು ಕಂಡುದು 1896ರಲ್ಲಿ. ಮರಳಗಾಲದಲ್ಲಿ ಆ ಕೊರತೆಯಿಲ್ಲ.